ಸ್ಕ್ರಾಲ್ ಮಾಡುವ ಬೆರಳು ನಿಲ್ಲಬೇಕೇ? ಸ್ಕ್ರೀನ್ ಡಿಸೈನ್ ಕಲಿಯುವವರಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಡಿಸೈನ್ ಕಲಿಯುವವರ ಪೋಸ್ಟರ್, ಬ್ಯಾನರ್, ರೀಲ್ಸ್ ಕವರ್‌ಗಳಲ್ಲಿ ಒಂದೇ ತೊಂದರೆ ಮತ್ತೆ ಮತ್ತೆ ಕಾಣುತ್ತದೆ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಚೆನ್ನಾಗಿದೆ. ಫೋನಿನಲ್ಲಿ ನೋಡಿದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಆಗ ಏನು ಮಾಡುತ್ತಾರೆ? ಇನ್ನೊಂದು ಬಣ್ಣ ಹಾಕುತ್ತಾರೆ, ಅಕ್ಷರಕ್ಕೆ ಶ್ಯಾಡೋ ಕೊಡುತ್ತಾರೆ, ಸುತ್ತ ಗ್ಲೋ ಎಳೆಯುತ್ತಾರೆ. ಮೊದಲಿಗಿಂತ ಗೊಂದಲ ಜಾಸ್ತಿಯಾಗುತ್ತದೆ.

ಸಾಮಾನ್ಯವಾಗಿ ಎಡವುವುದು ಕೆಲಸದ ಕ್ರಮದಲ್ಲಿ. ಬಹಳಷ್ಟು ಜನ ಬಣ್ಣ, ಎಫೆಕ್ಟ್‌ಗಳಿಂದ ಶುರು ಮಾಡಿ ಮಾತಿಗೆ ಕೊನೆಗೆ ಬರುತ್ತಾರೆ. ಇಲ್ಲಿ ಹೇಳುವುದು ಅದರ ತಿರುಗುಮುರುಗು. ಮೊದಲು ಜಾಗ, ಆಮೇಲೆ ಮಾತು, ಆಮೇಲೆ ಗಾತ್ರ ಮತ್ತು ಅಕ್ಷರ. ಬಣ್ಣ, ಚಿತ್ರ, ಚಲನೆ ಎಲ್ಲ ಅದಾದ ಮೇಲೆ. ಒಂದು ಹಂತ ಸರಿಯಾಗದೆ ಮುಂದಕ್ಕೆ ಹೋಗಬೇಡಿ. ಹಿಂದಿನ ಹಂತದ ತಪ್ಪನ್ನು ಮುಂದಿನ ಹಂತ ತಿದ್ದುವುದಿಲ್ಲ, ಮುಚ್ಚಿಡುತ್ತದೆ ಅಷ್ಟೇ.

ಕೊನೆಯವರೆಗೂ ಒಂದೇ ಕೆಲಸವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಕಾಲೇಜಿನ ಖಗೋಳ ಕೂಟದವರು ಟೆಲಿಸ್ಕೋಪಿನಲ್ಲಿ ಶನಿ ಗ್ರಹ ತೋರಿಸುತ್ತಾರೆ. ಅದಕ್ಕೆ ಇನ್‌ಸ್ಟಾಗ್ರಾಂನಲ್ಲಿ ಹಾಕಲು ಒಂದು ಪೋಸ್ಟ್ ಬೇಕು.

## ಶುರು ಮಾಡುವ ಮುಂಚೆ ಏನೇನು ಬೇಕು

ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಫಿಗ್ಮಾದ ಉಚಿತ ಖಾತೆ ಸಾಕು. ಇಂಟರ್ನೆಟ್ ಇಲ್ಲದೆ ಕೆಲಸ ಮಾಡಬೇಕಾದರೆ ಇಂಕ್‌ಸ್ಕೇಪ್, ಗಿಂಪ್ ಇವೆ, ಎರಡೂ ಉಚಿತ. ಫೋಟೋಶಾಪ್ ಕೈಗೆ ಕೂತಿದ್ದರೆ ಅದನ್ನೇ ಬಳಸಿ.

ಅದಕ್ಕಿಂತ ಮುಖ್ಯವಾದವು ಬೇರೆ ಇವೆ. ಒಂದು ಬಿಳಿ ಹಾಳೆ ಮತ್ತು ದಪ್ಪ ಮೊನೆಯ ಪೆನ್ನು. ಎರಡು ಫೋನ್, ಅದರಲ್ಲಿ ಒಂದು ಹಳೆಯದು, ಗಾಜಿನ ಮೇಲೆ ಗೀರು ಬಿದ್ದಿದ್ದರೆ ಇನ್ನೂ ಒಳ್ಳೆಯದು. ಎರಡು ಬಣ್ಣಗಳ ನಡುವಿನ ಕಾಂಟ್ರಾಸ್ಟ್ (ತಿಳಿ-ಗಾಢದ ವ್ಯತ್ಯಾಸ) ಲೆಕ್ಕ ಹಾಕುವ ಒಂದು ವೆಬ್ ಟೂಲ್, ಇಂಥವು ಉಚಿತವಾಗಿ ಬೇಕಾದಷ್ಟು ಸಿಗುತ್ತವೆ.

ಕನ್ನಡಕ್ಕೆ ಯೂನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಫಾಂಟ್‌ಗಳನ್ನೇ ಇಟ್ಟುಕೊಳ್ಳಿ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಟಿರೋ ಕನ್ನಡ ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಯಾರಾದರೂ ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ್ದರೆ ಫಿಗ್ಮಾಗೆ ಪೇಸ್ಟ್ ಮಾಡಿದಾಗ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಫಾಂಟ್ ಬದಲಾಯಿಸುತ್ತಾ ಕೂತು ಪ್ರಯೋಜನವಿಲ್ಲ. ಮೊದಲು ಕನ್ವರ್ಟರ್‌ನಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ.

## ಹಂತ 1: ಇದು ಎಲ್ಲಿ ಕಾಣುತ್ತದೆ?

ಕ್ಯಾನ್ವಾಸ್ ತೆರೆಯುವ ಮುಂಚೆ ಮೂರು ವಿಷಯ ಬರೆದುಕೊಳ್ಳಿ: ಯಾವ ಸ್ಕ್ರೀನ್, ಎಷ್ಟು ದೂರದಿಂದ ನೋಡುತ್ತಾರೆ, ಅಕ್ಕಪಕ್ಕ ಏನಿರುತ್ತದೆ.

ಗಾತ್ರ ಗೊತ್ತಿರುವುದೇ. ಇನ್‌ಸ್ಟಾಗ್ರಾಂನ ಉದ್ದ ಪೋಸ್ಟಿಗೆ 1080×1350 ಪಿಕ್ಸೆಲ್, ಸ್ಟೋರಿಗೆ 1080×1920, ಯೂಟ್ಯೂಬ್ ಥಂಬ್‌ನೇಲ್‌ಗೆ 1280×720, ವೆಬ್ ಬ್ಯಾನರ್‌ಗಳಲ್ಲಿ 300×250 ಮತ್ತು 728×90 ಹೆಚ್ಚು ಬಳಕೆಯಲ್ಲಿವೆ. ಆದರೆ ಅಷ್ಟೂ ಜಾಗ ನಿಮ್ಮದಲ್ಲ. ಸ್ಟೋರಿಯಲ್ಲಿ ಮೇಲೆ ಖಾತೆಯ ಹೆಸರು, ಕೆಳಗೆ ಉತ್ತರಿಸುವ ಜಾಗ ಕೂರುತ್ತವೆ. ಹಾಗಾಗಿ ಮೇಲೂ ಕೆಳಗೂ ಕನಿಷ್ಠ 250 ಪಿಕ್ಸೆಲ್‌ನಲ್ಲಿ ಮುಖ್ಯವಾದದ್ದೇನೂ ಇಡಬೇಡಿ. ಯೂಟ್ಯೂಬ್ ಥಂಬ್‌ನೇಲ್‌ನ ಬಲ ಕೆಳಮೂಲೆಯಲ್ಲಿ ವೀಡಿಯೋದ ಅವಧಿ ಬಂದು ಕೂರುತ್ತದೆ. ಅಲ್ಲೇ ಲೋಗೋ ಇಟ್ಟವರ ಲೋಗೋ ಯಾರಿಗೂ ಕಾಣುವುದಿಲ್ಲ.

ಈಗ ಬಹಳ ಜನ ಬಿಟ್ಟುಬಿಡುವ ಲೆಕ್ಕ. ಸಾಮಾನ್ಯ ಆಂಡ್ರಾಯ್ಡ್ ಫೋನ್ ಒಂದು 1080 ಪಿಕ್ಸೆಲ್ ಅಗಲದ ಚಿತ್ರವನ್ನು ಸುಮಾರು 360 ಡಿಪಿ (ಫೋನಿನದೇ ಅಳತೆಯ ಘಟಕ) ಅಗಲದಲ್ಲಿ ತೋರಿಸುತ್ತದೆ. ಅಂದರೆ ನಿಮ್ಮ ಕ್ಯಾನ್ವಾಸಿನ ಅಳತೆಯನ್ನು ಮೂರರಿಂದ ಭಾಗಿಸಬೇಕು. ಕ್ಯಾನ್ವಾಸಿನಲ್ಲಿ 36 ಪಿಕ್ಸೆಲ್ ಇರುವ ಅಕ್ಷರ ಫೋನಿನಲ್ಲಿ 12ರ ಹಾಗೆ ಕಾಣುತ್ತದೆ. 24 ಇಟ್ಟಿದ್ದರೆ 8. ಅದನ್ನು ಯಾರೂ ಓದುವುದಿಲ್ಲ. ಕಂಪ್ಯೂಟರಿನಲ್ಲಿ ಅದೇ ಅಕ್ಷರ ದೊಡ್ಡದಾಗಿ ಕಂಡಿದ್ದಕ್ಕೆ ಕಾರಣ ನೀವು ಝೂಮ್ ಮಾಡಿ ಕೆಲಸ ಮಾಡುತ್ತಿದ್ದದ್ದು.

ಕೊನೆಯದಾಗಿ, ನಿಮ್ಮ ಪೋಸ್ಟ್ ಹೋಗಿ ಸೇರುವ ಫೀಡ್‌ನ ನಾಲ್ಕಾರು ಸ್ಕ್ರೀನ್‌ಶಾಟ್ ತೆಗೆದು ಕ್ಯಾನ್ವಾಸಿನ ಪಕ್ಕದಲ್ಲೇ ಇಟ್ಟುಕೊಳ್ಳಿ. ಒಂದೇ ಬಗೆಯ ವಸ್ತುಗಳ ನಡುವೆ ಬೇರೆಯಾಗಿ ಕಾಣುವುದು ನೆನಪಿನಲ್ಲಿ ಉಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಹೆಡ್ವಿಗ್ ಫಾನ್ ರೆಸ್ಟಾರ್ಫ್ 1933ರಲ್ಲೇ ತೋರಿಸಿದ್ದರು. ಯಾವುದು ಬೇರೆ ಎನ್ನುವುದನ್ನು ಅಕ್ಕಪಕ್ಕದವು ತೀರ್ಮಾನಿಸುತ್ತವೆ. ಫೀಡ್ ಪೂರ್ತಿ ಕೆಂಪು ಹಳದಿ ಮುಖಗಳೇ ತುಂಬಿದ್ದರೆ ನೀವೂ ಕೆಂಪು ಹಳದಿ ಹಾಕಿ ಗೆಲ್ಲುವುದು ಕಷ್ಟ. ಅಲ್ಲಿ ಖಾಲಿ ಕಪ್ಪು ಜಾಗವೇ ಎದ್ದು ಕಾಣಬಹುದು.

## ಹಂತ 2: ಒಂದೇ ಮಾತು ಉಳಿಸಿ

ಖಗೋಳ ಕೂಟದವರು ಕಳಿಸುವ ಬರಹ ಹೇಗಿರುತ್ತದೆ ಊಹಿಸಿ: "ಕಾಲೇಜಿನ ಖಗೋಳ ಕೂಟದ ವತಿಯಿಂದ ವಿದ್ಯಾರ್ಥಿಗಳಿಗಾಗಿ ಹಮ್ಮಿಕೊಂಡಿರುವ ಆಕಾಶ ವೀಕ್ಷಣೆ ಕಾರ್ಯಕ್ರಮಕ್ಕೆ ತಮ್ಮೆಲ್ಲರಿಗೂ ಆತ್ಮೀಯ ಸ್ವಾಗತ." ಇದರ ಕೆಳಗೆ ದಿನಾಂಕ, ಸಮಯ, ಸ್ಥಳ, ಸಂಚಾಲಕರ ಹೆಸರು, ಸೂಚನೆಗಳು.

ಈ ಬರಹದಿಂದ ಒಂದು ಪ್ರಶ್ನೆಗೆ ಉತ್ತರ ಹುಡುಕಿ: ನೋಡುವವರಿಗೆ ಇಲ್ಲಿ ಸಿಗುವುದೇನು? ಸ್ವಾಗತ ಅಲ್ಲ, ಕೂಟದ ಹೆಸರೂ ಅಲ್ಲ. ಶನಿಯ ಸುತ್ತ ಇರುವ ಬಳೆಯನ್ನು ಅವರು ತಮ್ಮ ಕಣ್ಣಿಂದಲೇ ನೋಡಬಹುದು. ಹಾಗಾದರೆ ದೊಡ್ಡ ಅಕ್ಷರದ ಸಾಲು: "ಶನಿಯ ಬಳೆ ನೋಡಿದ್ದೀರಾ?" ಎರಡನೇ ಸಾಲು: "ಶುಕ್ರವಾರ ಸಂಜೆ 7.30, ಕಾಲೇಜು ಮೈದಾನ." ಮೂರನೇ ಸಾಲು: "ಖಗೋಳ ಕೂಟ." ಮುಗಿಯಿತು. ಸಂಚಾಲಕರ ಹೆಸರು, ಸೂಚನೆ ಎಲ್ಲ ಪೋಸ್ಟಿನ ಕೆಳಗಿನ ಬರಹಕ್ಕೆ ಹೋಗಲಿ.

ಇಲ್ಲಿ ಜಗಳ ಬರುತ್ತದೆ. "ಅಧ್ಯಕ್ಷರ ಹೆಸರು ಹಾಕಲೇಬೇಕು" ಅನ್ನುತ್ತಾರೆ. ವಾದ ಮಾಡುತ್ತಾ ಕೂರುವ ಬದಲು ಎರಡು ಚಿತ್ರ ಮಾಡಿ. ಮೊದಲನೆಯದು ಕಣ್ಣು ಸೆಳೆಯಲು, ಸ್ವೈಪ್ ಮಾಡಿದರೆ ಸಿಗುವ ಎರಡನೆಯದು ವಿವರಕ್ಕೆ. ಹೆಸರುಗಳೆಲ್ಲ ಅಲ್ಲಿ ಆರಾಮಾಗಿ ಕೂರುತ್ತವೆ.

ಎಚ್ಚರಿಕೆಯ ಸೂಚನೆ: ಮುಖ್ಯ ಸಾಲನ್ನು ಜೋರಾಗಿ ಓದಿ. ಒಂದೇ ಉಸಿರಿಗೆ ಮುಗಿಯದಿದ್ದರೆ ಅದಿನ್ನೂ ಮುಖ್ಯ ಸಾಲಾಗಿಲ್ಲ.

## ಹಂತ 3: ಹಾಳೆಯ ಮೇಲೆ ಪುಟ್ಟ ಚೌಕಗಳು

ಬೆಂಕಿಪೊಟ್ಟಣದಷ್ಟು ದೊಡ್ಡ ಚೌಕಗಳನ್ನು ಹಾಳೆ ತುಂಬ ಬರೆಯಿರಿ. ಒಂದೊಂದರಲ್ಲೂ ದಪ್ಪ ಪೆನ್ನಿನಿಂದ ಜಾಗ ಹಂಚಿ ನೋಡಿ. ಅಕ್ಷರದ ಬದಲು ದಪ್ಪ ಗೆರೆ, ಚಿತ್ರದ ಬದಲು ಕಪ್ಪು ಗುಡ್ಡೆ. ಚೌಕ ಚಿಕ್ಕದಿರುವುದೇ ಇಲ್ಲಿನ ಅನುಕೂಲ, ಸಣ್ಣ ವಿವರ ಹಾಕಬೇಕೆಂದರೂ ಜಾಗವಿರುವುದಿಲ್ಲ.

ಮೊದಲ ಮೂರು ನಾಲ್ಕು ಚೌಕಗಳು ಎಲ್ಲರೂ ಮಾಡುವಂಥವೇ ಆಗಿರುತ್ತವೆ: ನಡುವೆ ಶೀರ್ಷಿಕೆ, ಹಿಂದೆ ಚಿತ್ರ. ಅಲ್ಲಿಗೇ ನಿಲ್ಲಿಸಬೇಡಿ. ಬೇರೆ ದಾರಿ ಕಾಣುವುದು ಆಮೇಲೆಯೇ. ನಮ್ಮ ಪೋಸ್ಟಿಗೆ ಹೀಗೊಂದು ಬರಬಹುದು: ಚೌಕದ ಮುಕ್ಕಾಲು ಭಾಗ ಪೂರ್ತಿ ಕಪ್ಪು, ಬಲಗಡೆ ಮೇಲೆ ಕಡಲೆಕಾಳಿನಷ್ಟು ಶನಿ, ಕೆಳಗೆ ಎಡಕ್ಕೆ ಒತ್ತಿ ಎರಡು ಸಾಲು. ಆಕಾಶ ಎಷ್ಟು ದೊಡ್ಡದು, ಗ್ರಹ ಎಷ್ಟು ಚಿಕ್ಕದು ಎನ್ನುವುದು ಪದವಿಲ್ಲದೇ ಬಂದುಬಿಡುತ್ತದೆ. ಇದನ್ನೇ ಮುಂದಕ್ಕೆ ಒಯ್ಯೋಣ.

## ಹಂತ 4: ಬೂದು ಬಣ್ಣದಲ್ಲೇ ಕಟ್ಟಿ

ಈಗ ಕಂಪ್ಯೂಟರಿಗೆ ಬನ್ನಿ. ಆದರೆ ಬಣ್ಣದ ಪ್ಯಾನೆಲ್ ಮುಟ್ಟಬೇಡಿ. ಕಪ್ಪು, ಬಿಳಿ, ನಡುವೆ ಒಂದು ಬೂದು, ಅಷ್ಟೇ. ಬಣ್ಣವಿಲ್ಲದೆ ಕಣ್ಣು ಸೆಳೆಯದ ಜೋಡಣೆ ಬಣ್ಣ ಬಂದ ಮೇಲೂ ಹೆಚ್ಚೇನೂ ಸೆಳೆಯುವುದಿಲ್ಲ.

ವಿದ್ಯಾರ್ಥಿಗಳ ಫೈಲ್ ತೆರೆದರೆ ಅಕ್ಷರದ ಗಾತ್ರಗಳು ಹೀಗಿರುತ್ತವೆ: 60, 54, 48, 44. ಇವುಗಳ ನಡುವೆ ವ್ಯತ್ಯಾಸ ಇದೆ ಅಂತ ಡಿಸೈನ್ ಮಾಡಿದವರಿಗೆ ಮಾತ್ರ ಗೊತ್ತು. ನೋಡುವ ಕಣ್ಣಿಗೆ ನಾಲ್ಕೂ ಒಂದೇ. ಎರಡನೇ ಮಟ್ಟದ ಅಕ್ಷರ ಮೊದಲನೆಯದರ ಅರ್ಧಕ್ಕಿಂತ ಜಾಸ್ತಿ ಇರಬಾರದು ಅಂತ ಕಲಿಯುವಾಗ ನಿಯಮ ಮಾಡಿಕೊಳ್ಳಿ. ನಮ್ಮ ಪೋಸ್ಟಿನಲ್ಲಿ ಶೀರ್ಷಿಕೆ 150 ಪಿಕ್ಸೆಲ್, ದಿನ ಮತ್ತು ಸ್ಥಳ 64, ಕೂಟದ ಹೆಸರು 48. ಕೆಳಗಿನ ಎರಡು ಮಟ್ಟ ಹತ್ತಿರ ಹತ್ತಿರ ಇದ್ದರೂ ಪರವಾಗಿಲ್ಲ, ಅವನ್ನು ದಪ್ಪದಲ್ಲಿ ಬೇರೆ ಮಾಡಬಹುದು. ಮೊದಲನೆಯದು ಮಾತ್ರ ಎಲ್ಲಕ್ಕಿಂತ ಬಹಳ ದೂರದಲ್ಲಿರಬೇಕು.

ಖಾಲಿ ಜಾಗ ಕಂಡರೆ ಕೈ ತುರಿಸುತ್ತದೆ, ಅಲ್ವಾ? ಏನಾದರೂ ತುಂಬೋಣ ಅನ್ನಿಸುತ್ತದೆ. ತುಂಬಬೇಡಿ. ಶೀರ್ಷಿಕೆಯ ಸುತ್ತ ಇರುವ ಖಾಲಿಯೇ ಅದನ್ನು ಎತ್ತಿ ಹಿಡಿಯುವುದು. ಇನ್ನೊಂದು ಕಿತಾಪತಿ ಎಂದರೆ ಖಾಲಿಯನ್ನು ಸಮವಾಗಿ ಹಂಚುವುದು. ಮೇಲೆ, ನಡುವೆ, ಕೆಳಗೆ ಎಲ್ಲ ಕಡೆ 80 ಪಿಕ್ಸೆಲ್ ಬಿಟ್ಟರೆ ಪುಟ ಅಚ್ಚುಕಟ್ಟಾಗಿ ಕಾಣುತ್ತದೆ ನಿಜ, ಆದರೆ ಯಾವುದು ಯಾವುದಕ್ಕೆ ಸೇರಿದ್ದು ಗೊತ್ತಾಗುವುದಿಲ್ಲ. ದಿನ ಮತ್ತು ಸ್ಥಳ ಒಟ್ಟಿಗೆ ಅಂಟಿಕೊಂಡಿರಲಿ. ಶೀರ್ಷಿಕೆಗೂ ಅವುಗಳಿಗೂ ನಡುವೆ ಎದ್ದು ಕಾಣುವ ಅಂತರ ಇರಲಿ.

ಈ ಹಂತದಲ್ಲೇ ಮಸುಕು ಪರೀಕ್ಷೆ ಮಾಡಿಬಿಡಿ. ಇಡೀ ಡಿಸೈನ್‌ನ ಒಂದು ಪ್ರತಿ ತೆಗೆದು ಅದಕ್ಕೆ ಜೋರಾಗಿ ಬ್ಲರ್ ಕೊಡಿ. ಫಿಗ್ಮಾದಲ್ಲಿ ಲೇಯರ್ ಬ್ಲರ್, ಗಿಂಪ್‌ನಲ್ಲಿ ಗಾಸಿಯನ್ ಬ್ಲರ್. ಅಕ್ಷರ ಓದಲು ಬರಬಾರದು, ಆಕಾರ ಮಾತ್ರ ಉಳಿಯಬೇಕು. ಈಗ ಎಷ್ಟು ಗುಡ್ಡೆ ಕಾಣುತ್ತಿವೆ? ಒಂದು ಬಲವಾಗಿ, ಇನ್ನೊಂದೆರಡು ಮೆತ್ತಗೆ ಕಂಡರೆ ಸರಿ. ಐದಾರು ಗುಡ್ಡೆ ಒಂದೇ ತೂಕದಲ್ಲಿ ಕಂಡರೆ ಯಾವುದನ್ನೂ ದೊಡ್ಡದು ಮಾಡಲು ಹೋಗಬೇಡಿ. ಮುಖ್ಯವಲ್ಲದವನ್ನು ಒಂದೊಂದಾಗಿ ತಗ್ಗಿಸುತ್ತಾ ಬನ್ನಿ. ಬೂದು ತಿಳಿ ಮಾಡಿ, ಗಾತ್ರ ಇಳಿಸಿ, ಕೆಲವನ್ನು ತೆಗೆದೇ ಹಾಕಿ.

## ಹಂತ 5: ಕನ್ನಡ ಅಕ್ಷರವನ್ನು ಸ್ಕ್ರೀನಿಗೆ ಒಗ್ಗಿಸಿ

ಇಲ್ಲಿ ಸಮಯ ಕೊಡಿ. ಡಿಸೈನ್ ಪಾಠಗಳ ಬಹುಪಾಲು ನಿಯಮಗಳು ಇಂಗ್ಲಿಷ್ ಅಕ್ಷರ ನೋಡಿ ಮಾಡಿದವು. ಅವನ್ನು ಹಾಗೇ ಕನ್ನಡಕ್ಕೆ ಹಾಕಿದರೆ ಎಡವಟ್ಟಾಗುತ್ತದೆ.

ಮೊದಲನೆಯದು ಸಾಲುಗಳ ಅಂತರ. ಇಂಗ್ಲಿಷ್ ಶೀರ್ಷಿಕೆಗೆ ಅಕ್ಷರದ ಗಾತ್ರದ 1.1 ಅಥವಾ 1.2 ಪಟ್ಟು ಇಟ್ಟರೆ ಚೆಂದ. ಕನ್ನಡದಲ್ಲಿ ಮೇಲೆ ಗುಡಿಸು ಏರುತ್ತದೆ, ಕೆಳಗೆ ಒತ್ತು ಇಳಿಯುತ್ತದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. 1.4ರಿಂದ ಶುರು ಮಾಡಿ, ಸಣ್ಣ ಅಕ್ಷರದ ಸಾಲುಗಳಿಗೆ 1.6ರವರೆಗೂ ಹೋಗಿ. ಎರಡೇ ಸಾಲಿನ ಶೀರ್ಷಿಕೆಯಾದರೆ ಕಣ್ಣಲ್ಲೇ ನೋಡಿ ಹೊಂದಿಸಬಹುದು. "ಶನಿಯ ಬಳೆ" ಸಾಲಿನಲ್ಲಿ ಒತ್ತಕ್ಷರವೇ ಇಲ್ಲ, ಹಾಗಾಗಿ ಕೆಳಗಿನ ಸಾಲನ್ನು ಸ್ವಲ್ಪ ಹತ್ತಿರ ತಂದರೂ ತೊಂದರೆಯಿಲ್ಲ. ಮೊದಲ ಸಾಲಿನಲ್ಲೇ "ನೋಡಿದ್ದೀರಾ" ಬಂದಿದ್ದರೆ ಆ ಅನುಕೂಲ ಇರುತ್ತಿರಲಿಲ್ಲ.

ಹೊಸ ಫಾಂಟ್ ಆರಿಸುವಾಗ ಸುಮ್ನೆ "ಅಆಇಈ" ಟೈಪ್ ಮಾಡಿ ನೋಡಿದರೆ ಏನೂ ತಿಳಿಯುವುದಿಲ್ಲ. ರಾಷ್ಟ್ರ, ಸ್ತ್ರೀ, ಕೃಷ್ಣ, ಶಾಸ್ತ್ರ, ಸೂರ್ಯ ಇವನ್ನು ಟೈಪ್ ಮಾಡಿ. ಎರಡೆರಡು ಒತ್ತು ಬರುವ ಕಡೆ ಮಸಿ ಗಟ್ಟಿಯಾಗಿ ಗುಪ್ಪೆ ಕಟ್ಟುತ್ತದೆಯೇ ನೋಡಿ. ತುಂಬ ದಪ್ಪ ಫಾಂಟ್‌ಗಳಲ್ಲಿ ಒತ್ತಿನ ಒಳಗಿನ ಖಾಲಿ ಮುಚ್ಚಿಹೋಗಿ ಫೋನಿನಲ್ಲಿ ಬರೀ ಚುಕ್ಕೆಯಾಗುತ್ತದೆ.

ಒತ್ತಕ್ಷರ ಒಡೆದು ಪಕ್ಕ ಪಕ್ಕ ಬರುವುದು ಇನ್ನೊಂದು ಕಾಟ. ಫೋಟೋಶಾಪ್‌ನಲ್ಲಿ ಇದು ಹೆಚ್ಚು. ಪ್ರಿಫರೆನ್ಸಸ್‌ನಲ್ಲಿ ಟೈಪ್ ಎನ್ನುವ ಭಾಗಕ್ಕೆ ಹೋಗಿ, ಅಲ್ಲಿ ಟೆಕ್ಸ್ಟ್ ಎಂಜಿನ್ ಆಯ್ಕೆ ಇದ್ದರೆ ಅದನ್ನು ವರ್ಲ್ಡ್-ರೆಡಿ ಲೇಔಟ್‌ಗೆ ಬದಲಾಯಿಸಿ. ಹಳೆಯ ಆವೃತ್ತಿಗಳಲ್ಲಿ ಅದೇ ಜಾಗದಲ್ಲಿ ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಎಂದಿರುತ್ತದೆ. ಬದಲಾಯಿಸಿದ ಮೇಲೆ ಹೊಸ ಫೈಲ್ ತೆರೆದು ನೋಡಿ. ಸರಿ ಕಾಣಲಿ ಎಂದು ಒತ್ತನ್ನು ಬೇರೆ ಲೇಯರಿನಲ್ಲಿ ಕೈಯಿಂದ ಅಂಟಿಸುವವರೂ ಇದ್ದಾರೆ. ಆಮೇಲೆ ಒಂದು ಪದ ಬದಲಾದರೆ ಅವರ ಪಾಡು ಕೇಳಬೇಡಿ.

ಅಕ್ಷರಗಳ ನಡುವಿನ ಅಂತರ ಹಿಗ್ಗಿಸುವುದು ಇಂಗ್ಲಿಷ್‌ನಲ್ಲಿ ಫ್ಯಾಶನ್. ಕನ್ನಡದಲ್ಲಿ ಹಿಗ್ಗಿಸಿದರೆ "ನೋ" ಅಕ್ಷರದ ಕೊನೆಯ ದೀರ್ಘ ಕಳಚಿಕೊಂಡು ಒಂಟಿಯಾಗಿ ನಿಲ್ಲುತ್ತದೆ. ಸೊನ್ನೆಯಲ್ಲೇ ಬಿಡಿ. ಹಾಗೆಯೇ ಫಾಂಟ್‌ನಲ್ಲಿ ದಪ್ಪ ಇಲ್ಲದಿದ್ದಾಗ ಸಾಫ್ಟ್‌ವೇರ್ ಕೊಡುವ ನಕಲಿ ಬೋಲ್ಡ್ ಬೇಡ. ಅನೇಕ್ ಕನ್ನಡದಂಥ ಫಾಂಟಿನಲ್ಲಿ ತೆಳುವಿನಿಂದ ತುಂಬ ದಪ್ಪದವರೆಗೆ, ಕಿರಿದರಿಂದ ಅಗಲದವರೆಗೆ ಎಲ್ಲ ಬಗೆಯೂ ಇವೆ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದ ಇಲ್ಲ. ಹಾಗಾಗಿ ಒತ್ತಿ ಹೇಳಲು ನಿಮ್ಮ ಕೈಯಲ್ಲಿ ಇರುವುದು ಗಾತ್ರ, ದಪ್ಪ, ಅಗಲ ಈ ಮೂರೇ.

ಅಕ್ಷರಕ್ಕೆ ಹೊರಗೆರೆ ಕೊಟ್ಟಾಗ ಅಕ್ಷರದ ಒಳಗೂ ಗೆರೆಗಳು ಕಂಡರೆ ಗಾಬರಿ ಬೇಡ. ಫಾಂಟಿನ ಭಾಗಗಳು ಒಂದರ ಮೇಲೊಂದು ಕೂತಿರುವುದರಿಂದ ಹೀಗಾಗುತ್ತದೆ. ಅಕ್ಷರವನ್ನು ಆಕಾರವಾಗಿ ಬದಲಾಯಿಸಿ, ಎಲ್ಲವನ್ನೂ ಸೇರಿಸಿ ಒಂದು ಮಾಡುವ ಯೂನೈಟ್ ಅಥವಾ ಯೂನಿಯನ್ ಆಯ್ಕೆ ಒತ್ತಿ. ಅದಕ್ಕೂ ಮುಂಚೆ ಟೈಪ್ ಮಾಡಿದ್ದರ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟಿರಿ, ಕಾಗುಣಿತ ತಿದ್ದಬೇಕಾಗಿ ಬಂದರೆ ಬೇಕಾಗುತ್ತದೆ.

ಪದ ಜಾಗದಲ್ಲಿ ಹಿಡಿಯದಿದ್ದಾಗ ಅಕ್ಷರ ಚಿಕ್ಕದು ಮಾಡುವುದು ಎಲ್ಲರೂ ಹಿಡಿಯುವ ದಾರಿ. ಪದವನ್ನೇ ಬದಲಾಯಿಸಿ. "ವಿದ್ಯಾರ್ಥಿಗಳಿಗಾಗಿ" ಕಿರಿದಾದ ಬ್ಯಾನರಿನಲ್ಲಿ ಕೂರುವುದೇ ಇಲ್ಲ, "ನಿಮಗೆ" ಕೂರುತ್ತದೆ. ಸಾಲು ಮುರಿಯುವಾಗಲೂ ಅರ್ಥ ನೋಡಿ ಮುರಿಯಿರಿ. "ಶನಿಯ / ಬಳೆ ನೋಡಿದ್ದೀರಾ?" ಅಂತ ಒಡೆದರೆ ಮೊದಲ ಸಾಲು ಓದಿದವರಿಗೆ ಏನೂ ಸಿಗುವುದಿಲ್ಲ. "ಶನಿಯ ಬಳೆ / ನೋಡಿದ್ದೀರಾ?" ಎಂದರೆ ಮೊದಲ ಸಾಲಿಗೇ ವಿಷಯ ತಿಳಿಯುತ್ತದೆ.

## ಹಂತ 6: ಈಗ ಬಣ್ಣ, ಅದೂ ಲೆಕ್ಕ ಹಾಕಿ

ಬೂದು ಜೋಡಣೆ ನಿಂತ ಮೇಲೆ ಬಣ್ಣದ ಕೆಲಸ ಬೇಗ ಮುಗಿಯುತ್ತದೆ. ಹಿನ್ನೆಲೆಗೆ ಒಂದು, ಅಕ್ಷರಕ್ಕೆ ಒಂದು, ಒತ್ತು ಕೊಡಲು ಒಂದು. ಮೂರನೆಯದನ್ನು ಒಂದೇ ಜಾಗದಲ್ಲಿ ಬಳಸಿ. ನಮ್ಮ ಪೋಸ್ಟಿನಲ್ಲಿ ಕಪ್ಪಿಗೆ ಹತ್ತಿರದ ನೀಲಿ ಹಿನ್ನೆಲೆ, ಶೀರ್ಷಿಕೆ ಬಿಳಿ, ಶನಿ ಗ್ರಹ ಮಾತ್ರ ಹಳದಿ. ಶೀರ್ಷಿಕೆಯನ್ನೂ ಹಳದಿ ಮಾಡೋಣ ಅನ್ನಿಸುತ್ತದೆ. ಮಾಡಿದರೆ ಗ್ರಹದ ಕಡೆ ಕಣ್ಣು ಹೋಗುವುದು ನಿಲ್ಲುತ್ತದೆ.

ಎದ್ದು ಕಾಣುವುದಕ್ಕೂ ಓದಲು ಬರುವುದಕ್ಕೂ ವ್ಯತ್ಯಾಸ ಇದೆ. ವೆಬ್ ಸುಲಭಬಳಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯೂಸಿಎಜಿ ಪ್ರಕಾರ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ ಇರಬೇಕು, ದೊಡ್ಡ ಅಕ್ಷರಕ್ಕೆ 3:1. ಈ ಲೆಕ್ಕದಲ್ಲಿ ಕೆಲವು ಜನಪ್ರಿಯ ಜೋಡಿಗಳ ಗತಿ ನೋಡಿ. ಬಿಳಿಯ ಮೇಲೆ ಶುದ್ಧ ಹಳದಿ 1.07:1, ಅಂದರೆ ಇಲ್ಲವೇ ಇಲ್ಲ. ನೀಲಿಯ ಮೇಲೆ ಕೆಂಪು 2.15:1. ಕಪ್ಪಿನ ಮೇಲೆ ಶುದ್ಧ ನೀಲಿ 2.44:1. ಬಿಳಿಯ ಮೇಲೆ ಬೂದು ಬಳಸುವುದಾದರೆ ಆರ್‌ಜಿಬಿಯ (ಕೆಂಪು, ಹಸಿರು, ನೀಲಿ) ಮೂರೂ ಅಂಕಿ 118 ದಾಟಬಾರದು, ದಾಟಿದರೆ 4.5 ಸಿಗುವುದಿಲ್ಲ.

ಕೆಂಪು ಮತ್ತು ನೀಲಿ ಪಕ್ಕಪಕ್ಕ ಇಟ್ಟಾಗ ಅಂಚು ಅಲುಗಾಡಿದ ಹಾಗೆ ಕಾಣುತ್ತದೆ. "ಗಮನ ಸೆಳೆಯುತ್ತಿದೆ" ಎಂದು ಖುಷಿ ಪಡುವವರಿದ್ದಾರೆ. ನೋಡುವವರು ಸೆಳೆತಕ್ಕೆ ನಿಲ್ಲುವುದಿಲ್ಲ, ಕಣ್ಣು ನೋಯುತ್ತದೆ ಎಂದು ಮುಂದೆ ಹೋಗುತ್ತಾರೆ. ಇನ್ನು ಕೆಂಪು ಹಸಿರು ಭೇದ ಕಾಣದವರೂ ಇದ್ದಾರೆ. "ಹಸಿರು ಇದ್ದರೆ ಜಾಗ ಇದೆ, ಕೆಂಪು ಇದ್ದರೆ ಭರ್ತಿ" ಎಂಬಂಥ ಸೂಚನೆಯನ್ನು ಬರೀ ಬಣ್ಣಕ್ಕೆ ಬಿಡದೆ ಪಕ್ಕದಲ್ಲಿ ಪದವನ್ನೂ ಬರೆಯಿರಿ.

ಫೈಲ್‌ನ ಬಣ್ಣದ ಮೋಡ್ ಆರ್‌ಜಿಬಿ ಇದೆಯೇ ನೋಡಿಕೊಳ್ಳಿ. ಮುದ್ರಣಕ್ಕೆ ಮಾಡಿದ ಸಿಎಂವೈಕೆ ಫೈಲನ್ನೇ ಸ್ಕ್ರೀನಿಗೆ ತಂದರೆ ಬಣ್ಣ ಮಂಕಾಗಿರುತ್ತದೆ. ಹೊಳಪು ಬರಲಿ ಎಂದು ಸ್ಯಾಚುರೇಶನ್ (ಬಣ್ಣದ ತೀವ್ರತೆ) ಏರಿಸುವುದು ಆ ರೋಗಕ್ಕೆ ಮದ್ದಲ್ಲ.

## ಹಂತ 7: ಚಿತ್ರ

ಶನಿ ಎಂದ ಕೂಡಲೇ ಎಲ್ಲರೂ ಹುಡುಕುವುದು ನಕ್ಷತ್ರ ತುಂಬಿದ ಆಕಾಶಗಂಗೆಯ ಹಿನ್ನೆಲೆ. ಅದರ ಮೇಲೆ ಅಕ್ಷರ ಇಟ್ಟು ನೋಡಿ. ಪ್ರತಿ ನಕ್ಷತ್ರವೂ ಅಕ್ಷರದ ಚುಕ್ಕೆಯೋ ಸೊನ್ನೆಯೋ ಎಂಬ ಅನುಮಾನ ಹುಟ್ಟಿಸುತ್ತದೆ. ಓದಲು ಬರುತ್ತಿಲ್ಲ ಎಂದು ಅಕ್ಷರದ ಹಿಂದೆ ಕಪ್ಪು ಪಟ್ಟಿ, ಪಟ್ಟಿ ಚೆನ್ನಾಗಿಲ್ಲ ಎಂದು ಅದಕ್ಕೊಂದು ಗ್ಲೋ. ಹೀಗೆ ಒಂದು ತಪ್ಪಿಗೆ ಮೂರು ಬ್ಯಾಂಡೇಜ್. ಹಿನ್ನೆಲೆ ಚಿತ್ರವನ್ನೇ ತೆಗೆದುಬಿಡಿ.

ಶನಿಯ ಚಿತ್ರಕ್ಕೆ ನಾಸಾದ ಸಂಗ್ರಹ ಇದೆ. ಕ್ಯಾಸಿನಿ ನೌಕೆ 2004ರಿಂದ 2017ರವರೆಗೆ ಶನಿಯನ್ನು ಸುತ್ತುತ್ತಾ ತೆಗೆದ ಚಿತ್ರಗಳು ಅಲ್ಲಿ ಸಿಗುತ್ತವೆ. ನಾಸಾದ ಚಿತ್ರಗಳಿಗೆ ಸಾಮಾನ್ಯವಾಗಿ ಹಕ್ಕುಸ್ವಾಮ್ಯ ಇರುವುದಿಲ್ಲ, ಮೂಲ ಹೇಳಿ ಬಳಸಬಹುದು. ಸರ್ಚ್‌ನಲ್ಲಿ ಕಂಡ ಯಾವುದೋ ಚಿತ್ರ ಎತ್ತಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಆದರೂ ಒಂದು ಮಾತು. ಸಣ್ಣ ಟೆಲಿಸ್ಕೋಪಿನಲ್ಲಿ ಶನಿ ಪುಟ್ಟದಾಗಿ ಕಾಣುತ್ತದೆ. ಕ್ಯಾಸಿನಿಯ ಚಿತ್ರವನ್ನು ಪೋಸ್ಟ್ ತುಂಬ ಹಾಕಿ ಕರೆದರೆ, ಬಂದವರು "ಇಷ್ಟೇನಾ?" ಅನ್ನುತ್ತಾರೆ. ಕತ್ತಲಿನ ನಡುವೆ ಪುಟ್ಟ ಶನಿ ಇಟ್ಟಿದ್ದು ಈ ಲೆಕ್ಕದಲ್ಲೂ ಸರಿಯಾಯಿತು.

ಇದೇ ಕಾರಣಕ್ಕೆ ನಕಲಿ ಪ್ಲೇ ಬಟನ್, ನಕಲಿ ನೋಟಿಫಿಕೇಶನ್ ಚುಕ್ಕೆ, ಸ್ಕ್ರೀನ್ ಮೇಲೆ ಕೂದಲು ಬಿದ್ದ ಹಾಗೆ ಕಾಣುವ ಗೆರೆ ಇವುಗಳ ಸಹವಾಸ ಬೇಡ. ಬೆರಳು ಒತ್ತುತ್ತದೆ, ಆದರೆ ಒತ್ತಿದವರಿಗೆ ಮೋಸ ಹೋದೆ ಎಂಬ ಸಿಟ್ಟು ಬರುತ್ತದೆ.

## ಹಂತ 8: ಚಲನೆ ಬೇಕಿದ್ದರೆ ಒಂದಕ್ಕೇ ಕೊಡಿ

ಕಣ್ಣಂಚಿನಲ್ಲಿ ಏನೋ ಅಲುಗಾಡಿದರೂ ಕಣ್ಣು ಅತ್ತ ತಿರುಗುತ್ತದೆ. ಅಷ್ಟು ಬಲವಾದ ಸಾಧನ ಆದ್ದರಿಂದಲೇ ಇದನ್ನು ಕೊನೆಗೆ ಇಟ್ಟಿದ್ದು. ಶೀರ್ಷಿಕೆ ಎಡದಿಂದ, ದಿನಾಂಕ ಬಲದಿಂದ, ಲೋಗೋ ತಿರುಗುತ್ತಾ ಬಂದರೆ ಯಾವುದನ್ನು ನೋಡಬೇಕು? ನಮ್ಮ ಪೋಸ್ಟಿನ ಚಲನೆಯ ರೂಪದಲ್ಲಿ ಎಲ್ಲ ಸ್ಥಿರ, ಶನಿ ಮಾತ್ರ ಎಡದಿಂದ ಬಲಕ್ಕೆ ನಿಧಾನಕ್ಕೆ ಸಾಗುತ್ತದೆ. ಟೆಲಿಸ್ಕೋಪಿನಲ್ಲಿ ನೋಡುವಾಗಲೂ ಭೂಮಿ ತಿರುಗುವುದರಿಂದ ಗ್ರಹ ಹೀಗೇ ಸರಿದು ಹೋಗುತ್ತದೆ.

ಅಕ್ಷರ ಒಳಬರುವ ಚಲನೆ 200ರಿಂದ 400 ಮಿಲಿಸೆಕೆಂಡ್ ಇರಲಿ, ಕೊನೆಯಲ್ಲಿ ವೇಗ ತಗ್ಗುವ ಈಸ್-ಔಟ್ ಕೊಡಿ. ಬಂದ ಅಕ್ಷರ ಎಷ್ಟು ಹೊತ್ತು ನಿಲ್ಲಬೇಕು ಎಂಬುದಕ್ಕೆ ಸುಲಭ ಅಳತೆ: ಅದನ್ನು ಎರಡು ಸಲ ಬಾಯಿಬಿಟ್ಟು ಓದಿ. ಅಷ್ಟು ಹೊತ್ತು ನಿಲ್ಲಿಸಿ. ಮಾಡಿದವರಿಗೆ ಬರಹ ಬಾಯಿಪಾಠ ಆಗಿರುತ್ತದೆ, ಹಾಗಾಗಿ ಎಲ್ಲರೂ ಬೇಗ ಓಡಿಸುತ್ತಾರೆ.

ಮೊದಲ ಫ್ರೇಮ್ ಖಾಲಿ ಬಿಡುವುದು ದೊಡ್ಡ ತಪ್ಪು. ವೀಡಿಯೋ ಶುರುವಾಗುವ ಮುಂಚೆ ಕಾಣುವುದು ಅದೇ ಆಗಿರಬಹುದು. ಶೀರ್ಷಿಕೆ ಅಲ್ಲೇ ಇರಲಿ. ಎಷ್ಟೋ ಜನ ಶಬ್ದ ಆಫ್ ಮಾಡಿಯೇ ನೋಡುತ್ತಾರೆ, ಆದ್ದರಿಂದ ಮಾತಿನಲ್ಲಿ ಹೇಳಿದ ಮುಖ್ಯ ವಿಷಯ ಅಕ್ಷರದಲ್ಲೂ ಬರಬೇಕು.

ಇದೊಂದು ಮಾತ್ರ ರುಚಿಯ ವಿಷಯ ಅಲ್ಲ, ಸುರಕ್ಷತೆಯ ವಿಷಯ. ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಮಿಂಚುವ ಯಾವುದನ್ನೂ ಮಾಡಬೇಡಿ. ಬೆಳಕಿನ ಮಿಂಚಿಗೆ ಅಪಸ್ಮಾರ ಬರುವವರಿಗೆ ಅದು ಅಪಾಯ. ವೆಬ್ ಪುಟದಲ್ಲಿ ತಾನಾಗಿ ಶುರುವಾಗುವ ಚಲನೆ 5 ಸೆಕೆಂಡ್ ಮೀರಿದರೆ ನಿಲ್ಲಿಸುವ ಬಟನ್ ಕೊಡಬೇಕು ಎಂದೂ ಡಬ್ಲ್ಯೂಸಿಎಜಿ ಹೇಳುತ್ತದೆ.

## ಹಂತ 9: ಫೋನಿನಲ್ಲಿ, ಬೇರೆಯವರ ಕೈಯಲ್ಲಿ

ಚಿತ್ರವನ್ನು ಫೋನಿಗೆ ಕಳಿಸಿ, ಮೊದಲ ಹಂತದಲ್ಲಿ ತೆಗೆದ ಸ್ಕ್ರೀನ್‌ಶಾಟ್‌ನ ನಡುವೆ ನಿಮ್ಮ ಪೋಸ್ಟ್ ಅಂಟಿಸಿ ನೋಡಿ. ಒಂಟಿಯಾಗಿ ಚೆಂದ ಕಂಡದ್ದು ಗುಂಪಿನಲ್ಲಿ ಮಾಯವಾಗುವುದು ಇಲ್ಲೇ ಗೊತ್ತಾಗುತ್ತದೆ. ಆಮೇಲೆ ಫೋನಿನ ಬ್ರೈಟ್‌ನೆಸ್ ತಗ್ಗಿಸಿ. ಬಿಸಿಲಿಗೆ ಹೋಗಿ. ರಾತ್ರಿ ಹಳದಿ ಮಾಡುವ ಫಿಲ್ಟರ್ ಹಾಕಿ. ಹಳೆಯ ಫೋನಿನಲ್ಲೂ ತೆರೆಯಿರಿ. ಕಡು ನೀಲಿ ಹಿನ್ನೆಲೆ ಅಲ್ಲಿ ಬರೀ ಕಪ್ಪಾಗಿ ಕಾಣಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕೂಟದ ಹೆಸರು ಕಾಣದಿದ್ದರೆ ಕೆಡಿಸಿಕೊಳ್ಳಿ.

ಆಮೇಲೆ ಈ ಕೆಲಸದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಮೂರು ಸೆಕೆಂಡ್ ತೋರಿಸಿ ಫೋನ್ ಮಗುಚಿ ಇಡಿ. "ಹೇಗಿದೆ?" ಎಂದು ಕೇಳಬೇಡಿ, ಎಲ್ಲರೂ "ಚೆನ್ನಾಗಿದೆ" ಅನ್ನುತ್ತಾರೆ. "ಏನಿತ್ತು?" ಎಂದು ಕೇಳಿ. "ಶನಿ ತೋರಿಸ್ತಾರಂತೆ" ಎಂದರೆ ಗೆದ್ದಿರಿ. "ಹಳದಿ ಏನೋ ಇತ್ತು" ಎಂದರೆ ನಾಲ್ಕನೇ ಹಂತಕ್ಕೆ ವಾಪಸ್. "ಯಾವುದೋ ಜಾಹೀರಾತು" ಎಂದರೆ ಇನ್ನೂ ಹಿಂದಕ್ಕೆ, ಎರಡನೇ ಹಂತಕ್ಕೆ. ಜಾಹೀರಾತಿನ ಹಾಗೆ ಕಾಣುವುದನ್ನು ಓದದೇ ದಾಟುವುದು ಜನರಿಗೆ ಅಭ್ಯಾಸವಾಗಿಬಿಟ್ಟಿದೆ. ಬ್ಯಾನರ್ ಬ್ಲೈಂಡ್‌ನೆಸ್ ಎನ್ನುವುದು ಇದನ್ನೇ.

ವೆಬ್ ಪುಟವೋ ಆ್ಯಪೋ ಆಗಿದ್ದರೆ ಬಟನ್‌ಗಳನ್ನು ಹೆಬ್ಬೆರಳಲ್ಲೇ ಒತ್ತಿ ನೋಡಿ. ಆಪಲ್ ಕನಿಷ್ಠ 44×44 ಪಾಯಿಂಟ್, ಗೂಗಲ್‌ನ ಮೆಟೀರಿಯಲ್ ಡಿಸೈನ್ 48×48 ಡಿಪಿ ಜಾಗ ಕೊಡಲು ಹೇಳುತ್ತವೆ. ಬಟನ್ ಚಿತ್ರ ಚಿಕ್ಕದಿದ್ದರೂ ಸುತ್ತ ಒತ್ತುವ ಜಾಗ ಅಷ್ಟಿರಬೇಕು.

## ಹಂತ 10: ಎಕ್ಸ್‌ಪೋರ್ಟ್ ಮಾಡುವಾಗ ಕೈ ಕೊಡುವ ಜಾಗಗಳು

ಅಕ್ಷರ ಮತ್ತು ಚಪ್ಪಟೆ ಬಣ್ಣ ಹೆಚ್ಚಿದ್ದರೆ ಪಿಎನ್‌ಜಿ, ಫೋಟೋ ಹೆಚ್ಚಿದ್ದರೆ ಜೆಪೆಗ್. ಅಕ್ಷರದ ಅಂಚಿನಲ್ಲಿ ಕಸ ಕಸವಾಗಿ ಚುಕ್ಕೆ ಕಂಡರೆ ಜೆಪೆಗ್ ಗುಣಮಟ್ಟ ತೀರ ತಗ್ಗಿದೆ ಎಂದರ್ಥ. ಬಣ್ಣದ ಪ್ರೊಫೈಲ್ ಎಸ್‌ಆರ್‌ಜಿಬಿ ಇರಲಿ, ಇಲ್ಲದಿದ್ದರೆ ಬೇರೆ ಬೇರೆ ಸ್ಕ್ರೀನಿನಲ್ಲಿ ಬೇರೆ ಬೇರೆ ಬಣ್ಣ.

ಕಡು ನೀಲಿಯಿಂದ ಕಪ್ಪಿಗೆ ಇಳಿಯುವ ಗ್ರೇಡಿಯಂಟ್ ಹಾಕಿದವರಿಗೆ ಒಂದು ಸೂಚನೆ. ಫೋನಿನಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಬೀಳುತ್ತದೆ. 8 ಬಿಟ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ 256 ಮಟ್ಟ ಮಾತ್ರ, ಕಡು ಬಣ್ಣಗಳ ನಡುವೆ ಅದರಲ್ಲಿ ಸಿಗುವುದು ಕೆಲವೇ ಮಟ್ಟ. ಮೇಲೆ ಕಂಡೂ ಕಾಣದಷ್ಟು ನಾಯ್ಸ್ (ಸಣ್ಣ ಸಣ್ಣ ಚುಕ್ಕೆ) ಸೇರಿಸಿದರೆ ಪಟ್ಟೆ ಕರಗುತ್ತದೆ.

ಜಾಹೀರಾತು ಬ್ಯಾನರ್ ಆದರೆ ತೂಕವನ್ನೂ ನೋಡಿ. ಗೂಗಲ್ ಆ್ಯಡ್ಸ್‌ಗೆ ಸಿದ್ಧ ಬ್ಯಾನರ್ ಆಗಿ ಅಪ್‌ಲೋಡ್ ಮಾಡುವ ಚಿತ್ರಕ್ಕೆ ಫೈಲ್ ಗಾತ್ರದ ಮಿತಿ ಇದೆ, ಅದರಲ್ಲಿ ಚಲನೆ ಇದ್ದರೆ 30 ಸೆಕೆಂಡಿಗೆ ಮುಗಿಯಬೇಕು. ವಾಟ್ಸಾಪ್‌ನಲ್ಲಿ ಫೈಲ್ ಕಳಿಸುವಾಗ ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಅದುಮಿ ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಕೂಟದವರು ಆ ಕುಗ್ಗಿದ ಪ್ರತಿಯನ್ನೇ ಇನ್‌ಸ್ಟಾಗ್ರಾಂಗೆ ಹಾಕಿದರೆ ಅಲ್ಲಿ ಇನ್ನೊಂದು ಸಲ ಕುಗ್ಗುತ್ತದೆ.

## ಹಾಕಿದ ಮೇಲೆ

ಪೋಸ್ಟ್ ಆದ ಕೂಡಲೇ ಬೇರೆ ಖಾತೆಯಿಂದ ತೆರೆದು ನೋಡಿ. ಪ್ರೊಫೈಲ್‌ನ ಗ್ರಿಡ್‌ನಲ್ಲಿ ಅಂಚು ಕತ್ತರಿಸಿ ಶನಿ ಅರ್ಧ ಹೋಗಿದೆಯೇ ನೋಡಿ. ಲೈಕ್ ಎಷ್ಟು ಬಂತು ಎನ್ನುವುದಕ್ಕಿಂತ ಕಮೆಂಟ್‌ಗಳಲ್ಲಿ ಏನು ಕೇಳುತ್ತಿದ್ದಾರೆ ನೋಡಿ. "ಯಾವಾಗ?" ಎಂದು ಇಬ್ಬರು ಮೂವರು ಕೇಳಿದರೆ ಎರಡನೇ ಸಾಲು ಕಾಣುತ್ತಿಲ್ಲ, 64 ಪಿಕ್ಸೆಲ್ ಇದ್ದದ್ದನ್ನು 72 ಮಾಡಿ ಅಥವಾ ದಪ್ಪ ಮಾಡಿ ಸ್ಟೋರಿಯಲ್ಲಿ ಹಾಕಿ. ಒಂದನ್ನು ಮಾತ್ರ ಬದಲಾಯಿಸಿ, ಬಣ್ಣವನ್ನೂ ಜೊತೆಗೆ ಬದಲಾಯಿಸಿಬಿಟ್ಟರೆ ಯಾವುದರಿಂದ ಸರಿಯಾಯಿತು ಎನ್ನುವುದು ಗೊತ್ತಾಗುವುದಿಲ್ಲ. "ಟೆಲಿಸ್ಕೋಪ್ ನಾವೇ ತರಬೇಕಾ?" ಎಂದು ಕೇಳಿದರೆ ಅದು ಡಿಸೈನ್‌ನ ತಪ್ಪಲ್ಲ, ಪೋಸ್ಟಿನ ಕೆಳಗಿನ ಬರಹಕ್ಕೆ ಒಂದು ಸಾಲು ಸೇರಿಸಿದರೆ ಆಯಿತು.